ಪೆಟ್ಟಿಗೆ ಒಡೆದರೆ ಬೆಲೆ ಇಳಿಯುತ್ತದಂತೆ!

ನಾಲ್ಕು ತಿಂಗಳ ಕಾಲ ನನ್ನ ಹಾಸ್ಟೆಲ್ ಮಂಚದ ಕೆಳಗಿನ ಟ್ರಂಕಿನಲ್ಲಿ, ಎರಡು ಹಳೇ ಟವೆಲ್‌ಗಳ ನಡುವೆ ಒಂದು ಕಾರು ಮಲಗಿತ್ತು. ಉದ್ದ ಒಂದಡಿಗಿಂತ ತುಸು ಹೆಚ್ಚು. ಬಣ್ಣ ಕೆಂಪು. ಮುಂದೆ ಚೂಪು ಮೂತಿ, ಹಿಂದೆ ಚಾವಣಿಯ ಎತ್ತರಕ್ಕೆ ನಿಂತ ರೆಕ್ಕೆ. 1969ರ ಡಾಡ್ಜ್ ಚಾರ್ಜರ್ ಡೇಟೋನಾ ಎಂಬ ಅಮೆರಿಕದ ರೇಸ್ ಕಾರಿನ ಲೋಹದ ಮಾದರಿ ಅದು. ಅಳತೆ 1:18, ಅಂದರೆ ಅಸಲಿ ಕಾರಿನ ಹದಿನೆಂಟನೇ ಒಂದು ಪಾಲು. ನಾನು ಕೊಟ್ಟದ್ದು 5,800 ರೂಪಾಯಿ. ಅಷ್ಟು ಕೊಟ್ಟು ತಂದ ವಸ್ತುವನ್ನು ಒಮ್ಮೆಯೂ ಕೈಯಿಂದ ಮುಟ್ಟಿರಲಿಲ್ಲ. ಪೆಟ್ಟಿಗೆಗಿದ್ದ ಪ್ಲಾಸ್ಟಿಕ್ ಕಿಟಕಿಯಿಂದ ನೋಡುವುದು, ಮತ್ತೆ ಟವೆಲ್ ಮುಚ್ಚುವುದು, ಇಷ್ಟೇ.

ಯಾಕೆಂದರೆ ಪೆಟ್ಟಿಗೆ ಒಡೆದರೆ ಬೆಲೆ ಇಳಿಯುತ್ತದಂತೆ.

ಹೀಗಂತ ಹೇಳಿಕೊಟ್ಟವನು ನನ್ನ ರೂಮ್‌ಮೇಟ್, ಬಸವನ ಬಾಗೇವಾಡಿಯವ. ನಾನು ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯವನು, ವಿಜಯಪುರದಲ್ಲಿ ಮೆಕ್ಯಾನಿಕಲ್ ಬಿ.ಇ. ಮೂರನೇ ವರ್ಷ. ರೂಮಿನಲ್ಲಿ ಇನ್ನೊಬ್ಬ ಇಂಡಿಯವ, ಮನೆಯಲ್ಲಿ ಲಿಂಬೆ ತೋಟ. ಕ್ಲಾಸಿನಲ್ಲಿ ನಮ್ಮ ಬೆಂಚಿನ ಹಿಂದೆ ಕೂರುವ ಸಿಂದಗಿಯ ಹುಡುಗಿಯೊಬ್ಬಳಿದ್ದಾಳೆ. ಮೆಕ್ಯಾನಿಕಲ್‌ನಲ್ಲಿ ಹುಡುಗಿಯರು ಎಷ್ಟು ಮಂದಿ ಎಂದು ಎಣಿಸಲು ಒಂದು ಕೈಯ ಬೆರಳು ಸಾಕು, ಅವರಲ್ಲಿ ಅವಳೊಬ್ಬಳು. ಈ ಬರಹದಲ್ಲಿ ನಾಲ್ವರನ್ನೂ ಊರಿನ ಹೆಸರಲ್ಲೇ ಕರೆಯುತ್ತೇನೆ. ಹಾಸ್ಟೆಲಿನಲ್ಲೂ ಹಾಗೇ ಕರೆಯುವುದು.

ಬಾಗೇವಾಡಿಯವ ಕಂಪ್ಯೂಟರ್ ಸೈನ್ಸ್. ಅವನ ಬಳಿ ಬೆರಳುದ್ದದ ಪುಟ್ಟ ಕಾರುಗಳು ಮೂವತ್ತರ ಮೇಲಿವೆ. ಒಂದನ್ನೂ ಪ್ಯಾಕೆಟ್‌ನಿಂದ ತೆಗೆದಿಲ್ಲ. ನೂರೈವತ್ತು, ಇನ್ನೂರು ರೂಪಾಯಿಗೆ ಸಿಗುವ ಈ ಕಾರುಗಳು ಹೊಸ ಲಾಟು ಬಂದ ದಿನ ಅಂಗಡಿಯ ಸ್ಟ್ಯಾಂಡಿನಿಂದ ಬೆಳಿಗ್ಗೆಯೇ ಖಾಲಿ. ಒಯ್ಯುವವರು ಮಕ್ಕಳಲ್ಲ, ನಮ್ಮ ವಯಸ್ಸಿನವರು. ಅವರಲ್ಲಿ ಕೆಲವರು ಅದೇ ಸಂಜೆ ಮೊಬೈಲಿನಲ್ಲಿ ಎರಡು ಪಟ್ಟು, ಮೂರು ಪಟ್ಟು ಬೆಲೆಗೆ ಮಾರಾಟಕ್ಕಿಡುತ್ತಾರೆ. ಬಾಗೇವಾಡಿಯವನೂ ಒಂದನ್ನು 180ಕ್ಕೆ ಕೊಂಡು 600ಕ್ಕೆ ಮಾರಿದ್ದ. ಅದು ಸುಳ್ಳಲ್ಲ, ಹಣ ಬಂದದ್ದನ್ನು ನಾನೇ ನೋಡಿದ್ದೇನೆ. ಆ 600 ರೂಪಾಯಿಯೇ ನನ್ನ ತಲೆ ಕೆಡಿಸಿದ್ದು.

ಫೆಬ್ರುವರಿಯಲ್ಲಿ ನನ್ನ ಖಾತೆಗೆ ವಿದ್ಯಾರ್ಥಿವೇತನ ಬಿತ್ತು. ಅದರಲ್ಲಿ ಪರೀಕ್ಷೆ ಶುಲ್ಕ ಕಟ್ಟಬೇಕಿತ್ತು. ‘ಡೇಟೋನಾ ಐತಿ, ಮುಂದ ಸಿಗೂದಿಲ್ಲ, ವರ್ಷದಾಗ ಹತ್ತು ಸಾವಿರ ಆಗ್ತೈತಿ’ ಎಂದ. ತಗೊಂಡೆ. ಶುಲ್ಕಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ ಎಂದೆ. ಅಪ್ಪ ಯಾರ ಕಡೆಯೋ ಕೈಗಡ ತಂದು ಮರುದಿನವೇ ಹಾಕಿದ.

ಆ ಮಾತನ್ನು ಇಲ್ಲಿ ಬರೆಯುವಾಗ ಈಗಲೂ ಕೈ ನಡುಗುತ್ತದೆ. ಆದರೆ ಅದನ್ನು ಬಿಟ್ಟು ಬರೆದರೆ ಈ ಲೇಖನಕ್ಕೆ ಅರ್ಥವಿಲ್ಲ. ‘ಹವ್ಯಾಸ’ ಎಂಬ ಚಂದದ ಶಬ್ದದ ಅಡಿಯಲ್ಲಿ ನಮ್ಮ ಹಾಸ್ಟೆಲುಗಳಲ್ಲಿ ನಡೆಯುತ್ತಿರುವುದು ಬಹಳಷ್ಟು ಸಲ ಇದೇ: ಇಲ್ಲದ ದುಡ್ಡಿನಲ್ಲಿ ಬರಲಿರುವ ಲಾಭದ ಲೆಕ್ಕ.

ಈ ಕಾರಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಅಮೆರಿಕದಲ್ಲಿ ಅರವತ್ತರ ದಶಕದಲ್ಲಿ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ವಿ-8 ಎಂಜಿನ್ ಕೂರಿಸಿ, ಯುವಕರ ಕೈಗೆಟುಕುವ ಬೆಲೆಗೆ ಮಾರುವ ಪದ್ಧತಿ ಶುರುವಾಯಿತು. 1964ರ ಪಾಂಟಿಯಾಕ್ ಜಿಟಿಒ ಕಾರನ್ನು ಇದರ ಮೊದಲನೆಯದು ಎಂದು ಹೆಚ್ಚಿನವರು ಎಣಿಸುತ್ತಾರೆ. ಇವುಗಳಿಗೆ ಮಸಲ್ ಕಾರು ಎಂದು ಹೆಸರು ಬಿತ್ತು. ನಮ್ಮ ಕಡೆ ಹುಟ್ಟಿದ್ದರೆ ಪೈಲ್ವಾನ್ ಕಾರು ಅನ್ನುತ್ತಿದ್ದರು. ನಾಸ್ಕಾರ್ ರೇಸಿನಲ್ಲಿ ಇವುಗಳ ಕುಸ್ತಿ ಜೋರಾಯಿತು. ಎಂಜಿನ್ ದೊಡ್ಡದು ಮಾಡುತ್ತಾ ಹೋದರೂ ಒಂದು ವೇಗ ದಾಟಿದ ಮೇಲೆ ಗಾಳಿಯೇ ಎದುರಾಳಿ. ಡಾಡ್ಜ್ ಕಾರುಗಳನ್ನು ತಯಾರಿಸುತ್ತಿದ್ದ ಕ್ರೈಸ್ಲರ್ ಕಂಪನಿಯ ಎಂಜಿನಿಯರುಗಳು ಚಾರ್ಜರ್‌ಗೆ ಉದ್ದನೆಯ ಮೂತಿ, ಎತ್ತರದ ರೆಕ್ಕೆ ಸೇರಿಸಿ 1969ರಲ್ಲಿ ಡೇಟೋನಾ ಮಾಡಿದರು. ಸಾಮಾನ್ಯ ಜನರಿಗೂ ಕನಿಷ್ಠ 500 ಕಾರು ಮಾರದೆ ರೇಸಿಗೆ ಇಳಿಯುವಂತಿಲ್ಲ ಎಂಬ ನಿಯಮವಿತ್ತು; ಹೆಚ್ಚುಕಡಿಮೆ ಅಷ್ಟೇ ಮಾಡಿದರು. 1970ರ ಮಾರ್ಚ್ 24ರಂದು ಟಾಲಡೇಗಾ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಇದರಲ್ಲಿ ಗಂಟೆಗೆ 200.447 ಮೈಲಿ, ಅಂದರೆ 322 ಕಿಲೋಮೀಟರಿಗೂ ಹೆಚ್ಚು ವೇಗ ಮುಟ್ಟಿದ. ನಾಸ್ಕಾರ್ ಕಾರೊಂದು ಸುತ್ತು ಟ್ರ್ಯಾಕಿನಲ್ಲಿ 200 ಮೈಲಿ ದಾಟಿದ್ದು ಅದೇ ಮೊದಲು. 1971ಕ್ಕೆ ರೆಕ್ಕೆಯ ಕಾರುಗಳ ಎಂಜಿನ್ ಗಾತ್ರಕ್ಕೆ ಮಿತಿ ಹಾಕಿದರು. ಏಳು ಲೀಟರಿನ ಎಂಜಿನ್ ಐದು ಲೀಟರಿಗೆ ಇಳಿದರೆ ಯಾರು ಓಡಿಸುತ್ತಾರೆ? ಅಲ್ಲಿಗೆ ಅದರ ಆಟ ಮುಗಿಯಿತು. ಹೊಗೆ ನಿಯಂತ್ರಣದ ಕಾನೂನು, ವಿಮೆಯ ಹೊರೆ, 1973ರ ತೈಲ ಬಿಕ್ಕಟ್ಟು ಸೇರಿ ಪೈಲ್ವಾನ್ ಕಾರುಗಳ ಕಾಲವನ್ನೇ ಮುಗಿಸಿದವು.

ಇದೆಲ್ಲ ನನಗೆ ಆಗಲೇ ಬಾಯಿಪಾಠವಿತ್ತು. ಬಾಯಿಪಾಠವಿತ್ತು ಅಷ್ಟೇ.

ಸೆಮಿಸ್ಟರ್ ರಜೆಗೆ ಊರಿಗೆ ಹೋಗುವಾಗ ಟ್ರಂಕ್ ಒಯ್ದಿದ್ದೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಅವ್ವ ಕುಂಬಾರರ ಮನೆಯಿಂದ ತಂದ ಮಣ್ಣಿನ ಎತ್ತುಗಳನ್ನು ಜಗುಲಿ ಮೇಲೆ ಇಟ್ಟಿದ್ದಳು. ತಂಗಿ ನನ್ನ ಟ್ರಂಕಿನಲ್ಲಿ ಚಾರ್ಜರ್ ಹುಡುಕಲು ಹೋಗಿ ಇನ್ನೊಂದು ಚಾರ್ಜರನ್ನು ಎತ್ತಿಕೊಂಡು ಬಂದಳು. ಅಪ್ಪ ಊಟಕ್ಕೆ ಕೂತಿದ್ದ.

‘ಏನಪಾ ತಮ್ಮಾ ಇದು? ಎಷ್ಟು ಕೊಟ್ಟಿ?’

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಬೆಲೆ ಹೇಳಿದೆ. ಯಾವ ದುಡ್ಡು ಎಂಬುದನ್ನೂ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ರೊಟ್ಟಿ ಮುರಿದ, ತಿಂದ, ಕೈ ತೊಳೆದ. ಬೈದಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಕಡೆ ಈ ಕಡೆ ನೋಡಿದ.

‘ತಗದು ತೋರಸು.’

‘ತಗದ್ರ ಬೆಲೆ ಇಳಿತೈತಿ ಅಪ್ಪಾ.’

‘ತಗೀಲಾರದ್ದಕ್ಕ ಬೆಲೆ ಯಾಕ ಬೇಕು?’

ಒಡೆದೆ. ಒಳಗೆ ತಳಕ್ಕೆ ಬಿಗಿದಿದ್ದ ಎರಡು ಸ್ಕ್ರೂ ಬಿಚ್ಚಿ ಕಾರನ್ನು ಅಪ್ಪನ ಕೈಗಿಟ್ಟೆ. ಅಪ್ಪ ಇನ್ನೊಬ್ಬರ ಟ್ರ್ಯಾಕ್ಟರ್ ಹೊಡೆಯುವವನು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿ ಕಾರ್ಖಾನೆಗೆ ಸಾಗಿಸುತ್ತಾನೆ. ಮೊದಲು ಗಾಲಿ ತಿರುಗಿಸಿದ. ಸ್ಟೇರಿಂಗ್ ಹೊರಳಿಸಿದ, ಮುಂದಿನ ಗಾಲಿ ಹೊರಳಿದವು. ಬಾನೆಟ್ ಎತ್ತಿ ಎಂಜಿನ್ ನೋಡಿದ. ಅದು ಏಳು ಸಾವಿರ ಸಿಸಿ ಎಂದೆ. ಅಪ್ಪ ಹೊಡೆಯುವ ಟ್ರ್ಯಾಕ್ಟರಿನದು ಮೂರು ಸಾವಿರದ ಒಳಗೇ. ‘ಡೀಜೆಲ್ ಎಷ್ಟು ಕುಡೀತಿತ್ತೋ’ ಎಂದ. ಪೆಟ್ರೋಲ್ ಎಂದೆ. ತಲೆ ಅಲ್ಲಾಡಿಸಿದ. ಆಮೇಲೆ ರೆಕ್ಕೆಯ ಮೇಲೆ ಬೆರಳಿಟ್ಟು ಕೇಳಿದ: ‘ಇದ್ಯಾಕ?’

ಪುಸ್ತಕದಲ್ಲಿದ್ದದ್ದನ್ನು ಒದರಿದೆ. ಏರೋಡೈನಮಿಕ್ಸ್, ಡೌನ್‌ಫೋರ್ಸ್, ಲಿಫ್ಟ್. ಅಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ಮತ್ತೆ ಪ್ರಯತ್ನಿಸಿದೆ: ‘ಜೋರು ಓಡುವಾಗ ಗಾಳಿ ಕಾರನ್ನ ಮ್ಯಾಲೆ ಎತ್ತತೈತಿ. ಗಾಲಿ ನೆಲ ಬಿಡ್ತಾವ. ಅವನ್ನ ನೆಲಕ್ಕ ಒತ್ತಿ ಹಿಡಿಯಾಕ ಇದು.’

‘ಹಂಗನ್ನು ಮತ್ತ. ಏರಿ ಮ್ಯಾಲ ಲೋಡ್ ಎಳಿವಾಗ ಮುಂದಿನ ಗಾಲಿ ಏಳ್ತಾವಂತ ನಾವು ಬಂಪರ್ ಮ್ಯಾಲ ಕಲ್ಲು ಹೇರತೀವಲ್ಲ, ಅದೇ.’

ಅದೇ. ಎರಡು ವರ್ಷದಿಂದ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿತದ್ದನ್ನು ಅಪ್ಪ ಒಂದು ಕಲ್ಲಿನಲ್ಲಿ ಹೇಳಿದ. ಆದರೆ ಅಲ್ಲೊಂದು ವ್ಯತ್ಯಾಸವಿದೆ, ಅದು ಹೊಳೆದದ್ದೂ ಆಗಲೇ. ಕಲ್ಲು ಟ್ರ್ಯಾಕ್ಟರ್ ನಿಂತಾಗಲೂ ಭಾರ, ಓಡುವಾಗಲೂ ಭಾರ. ರೆಕ್ಕೆಯ ಭಾರ ಬರುವುದು ಓಡುವಾಗ ಮಾತ್ರ. ವೇಗ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟು. ವಿಮಾನದ ರೆಕ್ಕೆಯನ್ನು ಬೋರಲು ಹಾಕಿದಂತೆ. ಚಾವಣಿಯಷ್ಟು ಎತ್ತರದಲ್ಲಿ ಕೂರಿಸಿದರೆ ಕಾರಿನ ಮೈಗೆ ತಾಗಿ ಕಲಕಿದ ಗಾಳಿಗಿಂತ ಹಸನಾದ ಗಾಳಿ ಸಿಗುತ್ತದೆ. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ಬೇಕಾದಾಗಷ್ಟ ಕಲ್ಲು. ಶಾಣ್ಯಾರು ಬಿಡು’ ಎಂದ.

ಆ ಸಂಜೆ ಅವ್ವ ಎತ್ತುಗಳಿಗೆ ಪೂಜೆ ಮಾಡುವಾಗ ಕಾರನ್ನೂ ಪಕ್ಕದಲ್ಲಿಟ್ಟು ರೆಕ್ಕೆಗೆ ಕುಂಕುಮ ಹಚ್ಚಿದಳು. ಬಾಗೇವಾಡಿಯವನಿಗೆ ಫೋಟೊ ಕಳಿಸಿದೆ. ‘ಹೋತು ನಿನ್ನ ರೊಕ್ಕ’ ಎಂದು ಉತ್ತರ ಬಂತು.

ರೊಕ್ಕ ನಿಜಕ್ಕೂ ಇತ್ತೇ? ಅಮಾವಾಸ್ಯೆಗೂ ಹದಿನೈದು ದಿನ ಮೊದಲು, ಪೆಟ್ಟಿಗೆ ಒಡೆಯುವ ಮುನ್ನ, ಕಾರು ಮಾರಿದವನಿಗೇ ಕೇಳಿದ್ದೆ. ವಾಪಸ್ ತಗೊಂಡರೆ 3,500 ಕೊಡುತ್ತೇನೆ ಎಂದ. ಅವನ ತಪ್ಪಿಲ್ಲ, ವ್ಯಾಪಾರವೆಂದರೆ ಅದೇ. ನಾನು ಯೋಚಿಸಬೇಕಾಗಿದ್ದದ್ದು ಕೊಳ್ಳುವ ಮೊದಲು.

ಹಳೆಯ ಆಟಿಕೆಗಳಿಗೆ ಈಗ ಬೆಲೆ ಯಾಕಿದೆ ಎಂದು ಒಮ್ಮೆ ಕೇಳಿಕೊಳ್ಳಿ. ಐವತ್ತು ವರ್ಷದ ಹಿಂದೆ ಮಕ್ಕಳು ಅವನ್ನು ಮಣ್ಣಲ್ಲಿ ಉರುಳಿಸಿದರು, ಮೆಟ್ಟಿಲ ಮೇಲಿಂದ ಎಸೆದರು, ಗಾಲಿ ಕಿತ್ತರು. ಸಾವಿರದಲ್ಲಿ ಎಲ್ಲೋ ನಾಲ್ಕು ಹೇಗೋ ಉಳಿದವು. ಆ ನಾಲ್ಕಕ್ಕೆ ಬೆಲೆ. ಅಸಲಿ ಡೇಟೋನಾ ಕಥೆಯೂ ಅದೇ. ಮಾಡಿದ್ದೇ ಐನೂರು ಚಿಲ್ಲರೆ, ಅದರಲ್ಲಿ ಎಷ್ಟೋ ಓಡಿ ಸವೆದವು, ಜಖಂ ಆದವು. ಉಳಿದವು ಇವತ್ತು ಹರಾಜಿನಲ್ಲಿ ನಮ್ಮ ಕೋಟಿ ರೂಪಾಯಿಗಳ ಲೆಕ್ಕದಲ್ಲಿ ಹೋಗುತ್ತವೆ. ಈಗ ನಮ್ಮ ಪೀಳಿಗೆಯವರು ಮಾಡುತ್ತಿರುವುದೇನು? ಲಕ್ಷಗಟ್ಟಲೆ ತಯಾರಾಗುವ ಆಟಿಕೆಯನ್ನು ಸಾವಿರಾರು ಜನ ಪ್ಯಾಕೆಟ್ ಸಮೇತ ಟ್ರಂಕಿನಲ್ಲಿ ಜೋಪಾನ ಮಾಡುತ್ತಿದ್ದೇವೆ. ಮುಂದೆ ಎಲ್ಲರ ಬಳಿಯೂ ಹೊಚ್ಚ ಹೊಸದೇ ಇರುತ್ತದೆ. ಎಲ್ಲರ ಬಳಿ ಇರುವುದನ್ನು ಯಾರು ಯಾರಿಗೆ ಮಾರಬೇಕು? ಇಂಡಿಯವ ಇದನ್ನು ಲಿಂಬೆಯ ಭಾಷೆಯಲ್ಲಿ ಹೇಳುತ್ತಾನೆ. ರೇಟು ಬಂದ ವರ್ಷ ಎಲ್ಲರೂ ಗಿಡ ಹಚ್ಚುತ್ತಾರೆ, ಎಲ್ಲರ ಗಿಡ ಕಾಯಿ ಬಿಡುವ ವರ್ಷ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಇಂಡಿ ಲಿಂಬೆಗೆ ಜಿಐ ಮಾನ್ಯತೆ ಇದ್ದರೂ ಮಾರುಕಟ್ಟೆಗೆ ಅದೆಲ್ಲ ಕೇಳಿಸುವುದಿಲ್ಲ. ಬಾಗೇವಾಡಿಯವನ 600 ರೂಪಾಯಿ ನಿಜ, ಆದರೆ ಅವನ ಮೂವತ್ತು ಪ್ಯಾಕೆಟ್‌ಗಳಲ್ಲಿ ಮಾರಿಹೋದದ್ದು ಅದೊಂದೇ ಎಂಬುದೂ ನಿಜ. ಗೆದ್ದವರ ಸ್ಕ್ರೀನ್‌ಶಾಟ್ ಮಾತ್ರ ಓಡಾಡುತ್ತದೆ.

ಹಾಗಾದರೆ ಈ ಕಾರುಗಳನ್ನು ಕೊಳ್ಳಲೇಬಾರದು, ಇದು ಮಕ್ಕಳಾಟ, ಓದುವ ಹುಡುಗರಿಗೆ ಯಾಕೆ ಬೇಕು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಹಿರಿಯರೊಂದಿಗೂ ನನ್ನ ತಕರಾರಿದೆ. ರಜೆ ಮುಗಿಸಿ ಬಂದ ಮೇಲೆ ನಡೆದದ್ದು ಕೇಳಿ.

ನನ್ನ ಕಾರನ್ನು ಮೊದಲು ತೂಗಿದವಳು ಸಿಂದಗಿಯವಳು. ‘ನಮ್ಮ ಮನ್ಯಾಗ ಅಣ್ಣಗ ಕಾರು, ನನಗ ಗೊಂಬಿ ಕೊಡಸ್ತಿದ್ರು. ಕೊಡು ಇಲ್ಲೆ’ ಎಂದು ಕಸಿದುಕೊಂಡು ಲ್ಯಾಬಿನ ತಕ್ಕಡಿಗೆ ಹಾಕಿದಳು. ಒಂದು ಕಿಲೋಗೆ ಸ್ವಲ್ಪ ಕಡಿಮೆ. ಅಸಲಿ ಕಾರು ಸುಮಾರು ಒಂದು ಮುಕ್ಕಾಲು ಟನ್. ಉದ್ದ ಹದಿನೆಂಟನೇ ಒಂದು ಪಾಲಾದರೆ ತೂಕ 18×18×18, ಅಂದರೆ 5,832ನೇ ಒಂದು ಪಾಲಾಗಬೇಕು. ಲೆಕ್ಕ ಹಾಕಿದರೆ 300 ಗ್ರಾಂ ಬರುತ್ತದೆ. ಇದು ಅದಕ್ಕೆ ಮೂರು ಪಟ್ಟು! ಯಾಕೆ? ಅರ್ಧ ಗಂಟೆ ಜಗಳವಾಡಿದೆವು. ಅಸಲಿ ಕಾರಿನ ತಗಡು ಒಂದು ಮಿಲಿಮೀಟರಿನ ಆಸುಪಾಸು. ಅದನ್ನೂ ಹದಿನೆಂಟರಿಂದ ಭಾಗಿಸಿದರೆ ಕಾಗದಕ್ಕಿಂತ ತೆಳು. ಅಷ್ಟು ತೆಳ್ಳಗೆ ಲೋಹ ಎರಕ ಹೊಯ್ಯಲು ಆಗುವುದಿಲ್ಲ, ಹಾಗಾಗಿ ಮೈ ದಪ್ಪ. ಜೊತೆಗೆ ಈ ಲೋಹ ಉಕ್ಕಲ್ಲ, ಅಲ್ಯೂಮಿನಿಯಮ್ಮೂ ಅಲ್ಲ. ವೇಗಕ್ಕೆ ಮಾತ್ರ ಒಂದೇ ಸಲ ಭಾಗಿಸಿದರೆ ಸಾಕು: ಆ 322 ಕಿಲೋಮೀಟರ್ 1:18ರ ಕಾರಿಗೆ ಗಂಟೆಗೆ 18 ಕಿಲೋಮೀಟರ್, ಸೈಕಲ್ ತುಳಿದಷ್ಟು. ಬಾಗೇವಾಡಿಯವನ 1:64ರ ಪುಟ್ಟ ಕಾರಿಗಾದರೆ ಐದೇ ಕಿಲೋಮೀಟರ್, ನಾವು ಮೆಸ್ಸಿಗೆ ನಡೆದು ಹೋಗುವ ವೇಗ.

ಮರುವಾರ ಅವಳೇ ನೂರೈವತ್ತು ರೂಪಾಯಿಯ ಒಂದು ಪುಟ್ಟ ಕಾರು ತಂದಳು. ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್ ಸರ್ ಅನುಮತಿ ಕೇಳಿ, ವೈಸಿನಲ್ಲಿ ಕಚ್ಚಿಸಿ, ತಳದ ಎರಡು ರಿವೆಟ್‌ಗಳನ್ನು ಡ್ರಿಲ್ ಮಾಡಿ ಬಿಚ್ಚಿದಳು. ಒಳಗೆ ಇದ್ದದ್ದು ನಾಲ್ಕೇ ಭಾಗ: ಲೋಹದ ಮೈ, ಪ್ಲಾಸ್ಟಿಕ್ ಗಾಜು, ಸೀಟು, ತಳ. ಜೊತೆಗೆ ತಂತಿಯಂತಹ ಎರಡು ಅಚ್ಚು. ಮೈಯನ್ನು ತಿರುವಿ ನೋಡಿದರೆ ಒಳಮೈಯಲ್ಲಿ ದುಂಡನೆಯ ಸಣ್ಣ ಗುರುತುಗಳು. ಅಂಚಿನಲ್ಲಿ ಕೂದಲೆಳೆಯಂಥ ಗೆರೆ. ಒಂದು ಕಡೆ ಮುರಿದು ಉಜ್ಜಿದ ಕಲೆ. ಎಜೆಕ್ಟರ್ ಪಿನ್, ಪಾರ್ಟಿಂಗ್ ಲೈನ್, ಗೇಟ್. ಹಿಂದಿನ ಸೆಮಿಸ್ಟರಿನಲ್ಲಿ ಹತ್ತು ಅಂಕಕ್ಕೆ ಚಿತ್ರ ಬರೆದ ಮೂರೂ ವಸ್ತುಗಳು ಬೆರಳ ತುದಿಯಲ್ಲಿ ಕೂತಿದ್ದವು. ಚಿತ್ರಕ್ಕೆ ಎಂಟು ಅಂಕ ತೆಗೆದಿದ್ದ ನಾನು ಗೇಟನ್ನು ಗುರುತಿಸಲಿಲ್ಲ, ಅವಳು ಗುರುತಿಸಿದಳು.

ಈ ಮೈ ಸತುವಿನ ಮಿಶ್ರಲೋಹದ್ದು. ಅದರ ಹೆಸರು ಝಮಾಕ್. ಸತು, ಅಲ್ಯೂಮಿನಿಯಂ, ಮೆಗ್ನೀಷಿಯಂ, ತಾಮ್ರಗಳ ಜರ್ಮನ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು. ನಾಲ್ಕು ನೂರು ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ. ಕರಗಿದ ಲೋಹವನ್ನು ಕೊಂತದಿಂದ ಒತ್ತಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ, ತಣ್ಣಗಾಗಿ, ಪಿನ್‌ಗಳು ಅದನ್ನು ಹೊರದೂಡುತ್ತವೆ. ಶಾಖ ಕಡಿಮೆಯಾದ್ದರಿಂದ ಒಂದೇ ಅಚ್ಚು ಲಕ್ಷಗಟ್ಟಲೆ ಸಲ ತಾಳುತ್ತದೆ. ಆಟಿಕೆ ಅಗ್ಗವಾಗಿರುವ ಗುಟ್ಟು ಇದೇ. ಲೋಹದಲ್ಲಿ ಸೀಸದ ಕಲಬೆರಕೆ ಸ್ವಲ್ಪ ಸೇರಿದರೂ ವರ್ಷಗಳು ಕಳೆದಂತೆ ಮೈ ಬಿರುಕು ಬಿಟ್ಟು ಪುಡಿಯಾಗುತ್ತದೆ. ಹಳೆಯ ಆಟಿಕೆಗಳ ಸಂಗ್ರಹಕಾರರು ಅದಕ್ಕೆ ಸತುವಿನ ಪಿಡುಗು ಎನ್ನುತ್ತಾರೆ. ಅಂದರೆ ಪೆಟ್ಟಿಗೆಯೊಳಗೆ ಭದ್ರವಾಗಿ ಇಟ್ಟದ್ದೂ ಒಳಗೊಳಗೇ ಪುಡಿಯಾಗಬಹುದು. ಬಾಗೇವಾಡಿಯವನಿಗೆ ಇದನ್ನು ಹೇಳಿದಾಗ ಮಾತ್ರ ಅವನ ಮುಖ ಸ್ವಲ್ಪ ಬಾಡಿತು. ಈಗಿನವುಗಳಲ್ಲಿ ಶುದ್ಧ ಲೋಹ ಬಳಸುತ್ತಾರೆ, ಹೆದರಬೇಡ ಎಂದು ಸಮಾಧಾನ ಮಾಡಿದೆ.

ಇದನ್ನು ‘ಬರೀ ಆಟಿಕೆ’ ಎನ್ನುವವರಿಗೆ ಇನ್ನೊಂದು ಮಾತು. ಮ್ಯಾಟೆಲ್ ಕಂಪನಿ 1968ರಲ್ಲಿ ಹಾಟ್ ವೀಲ್ಸ್ ಹೆಸರಲ್ಲಿ ಹದಿನಾರು ಕಾರುಗಳನ್ನು ತಂದಾಗ ಅವುಗಳ ವಿನ್ಯಾಸಕ್ಕೆ ಕರೆತಂದದ್ದು ಹ್ಯಾರಿ ಬ್ರ್ಯಾಡ್ಲಿ ಎಂಬಾತನನ್ನು. ಆತ ಜನರಲ್ ಮೋಟಾರ್ಸ್‌ನಲ್ಲಿ ನಿಜವಾದ ಕಾರುಗಳ ವಿನ್ಯಾಸಕನಾಗಿದ್ದ. ಮರುವರ್ಷ ಬಂದ ಲ್ಯಾರಿ ವುಡ್ ಫೋರ್ಡ್ ಕಂಪನಿಯವ. ಅದೇ ಮ್ಯಾಟೆಲ್‌ನಲ್ಲಿದ್ದ ಜ್ಯಾಕ್ ರಯಾನ್ ಅದಕ್ಕೂ ಮೊದಲು ಕ್ಷಿಪಣಿಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್. ಇಂಗ್ಲೆಂಡಿನಲ್ಲಿ ಮ್ಯಾಚ್‌ಬಾಕ್ಸ್ ಕಾರುಗಳು ಹುಟ್ಟಿದ ಕಥೆ ಇನ್ನೂ ಚಂದ. ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆಯನ್ನಷ್ಟೇ ಶಾಲೆಗೆ ತರಬಹುದು ಎಂಬ ನಿಯಮವಿತ್ತಂತೆ. ಜ್ಯಾಕ್ ಓಡೆಲ್ ಎಂಬ ಅಚ್ಚಿನ ಕೆಲಸಗಾರ ತನ್ನ ಮಗಳಿಗೆ ಹಿತ್ತಾಳೆಯ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. ಶಾಲೆಯ ಮಕ್ಕಳೆಲ್ಲ ತಮಗೂ ಬೇಕೆಂದರು. 1953ರಲ್ಲಿ ಅದೊಂದು ಉದ್ಯಮವಾಯಿತು.

ಮಗಳಿಗೆ ಆಟಿಕೆ ಮಾಡಿಕೊಡುವ ಅಪ್ಪಂದಿರು ನಮ್ಮಲ್ಲಿ ಇರಲಿಲ್ಲವೇ? ಜೋಳದ ದಂಟಿನ ಬೆಂಡಿನಿಂದ ಚಕ್ಕಡಿ ಕಟ್ಟಿದ್ದು, ಹರಿದ ಹವಾಯಿ ಚಪ್ಪಲಿ ದುಂಡಗೆ ಕೊಯ್ದು ಗಾಲಿ ಮಾಡಿದ್ದು ನಮ್ಮ ನಾಲ್ಕೂ ತಾಲ್ಲೂಕುಗಳ ಹುಡುಗರಿಗೆ ಗೊತ್ತು. ನಮ್ಮ ಕಿನ್ನಾಳ, ಚನ್ನಪಟ್ಟಣಗಳ ಗೊಂಬೆಗಳಿಗೆ ಹೆಸರಿದೆ. ಸತುವನ್ನು ಬಟ್ಟಿ ಇಳಿಸುವ ವಿದ್ಯೆ ರಾಜಸ್ಥಾನದ ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಇತ್ತು, ಈಗಲೂ ಸತುವು ನಮ್ಮ ದೇಶದಲ್ಲಿ ಧಾರಾಳ. ಇಲ್ಲದಿರುವುದು ಅಚ್ಚು. ಎರಕದ ಲೋಹ ಅಗ್ಗ, ಯಂತ್ರವನ್ನು ಕೊಳ್ಳಬಹುದು. ಆದರೆ ಆ ಉಕ್ಕಿನ ಅಚ್ಚನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆಯುವವರು ಬೇಕು. ಆ ಕೈಗಳು ಬೇಕಾಗಿರುವುದು ಆಟಿಕೆಗಷ್ಟೇ ಅಲ್ಲ, ನೀರಿನ ನಲ್ಲಿಯಿಂದ ಹಿಡಿದು ಬೈಕಿನ ಬಿಡಿಭಾಗದವರೆಗೆ.

ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ನನ್ನ 5,800ರಲ್ಲಿ ಅದರ ಪಾಲೂ ಇದೆ. ಹಾಗೆ ಏರಿಸಿದ್ದು ಇಲ್ಲೇ ತಯಾರಾಗಲಿ ಎಂದು. ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಕಂಪನಿಯೇ ಅದನ್ನು ಕಟ್ಟಲು ಹೊರಟದ್ದು. ಮುದ್ದೇಬಿಹಾಳದಿಂದ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಇನ್ನೂ ಹತ್ತಿರ, ಕೃಷ್ಣಾ ನದಿ ದಾಟಿದರೆ ಸಿಗುವ ಕೂಡಲಸಂಗಮದಲ್ಲಿ ಜಿಟಿಟಿಸಿ ಕೇಂದ್ರವಿದೆ. ಡೆನ್ಮಾರ್ಕ್ ಸಹಯೋಗದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಅದು. ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಅಚ್ಚು ಮಾಡುವ ವಿದ್ಯೆಯನ್ನೇ ಕಲಿಸುವ ಸಂಸ್ಥೆ. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಡಿಪ್ಲೊಮಾ ಸೇರಿದವರನ್ನು ನಮ್ಮ ಊರಲ್ಲಿ ‘ಪಾಪ, ಪಿಯುಸಿ ಸೈನ್ಸ್ ಸಿಗಲಿಲ್ಲ’ ಎಂದು ನೋಡುತ್ತಿದ್ದೆವು. ನಾನೂ ನೋಡಿದ್ದೇನೆ.

ಈಗ ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ಕೇಳಿಬರುವ ಮಾತು ಒಂದೇ. ಮೆಕ್ಯಾನಿಕಲ್ ಓದಿ ಏನು ಮಾಡುತ್ತೀರಿ, ಯಾವುದಾದರೂ ಕೋಡಿಂಗ್ ಕೋರ್ಸ್ ಮಾಡಿ. ಮಾಡುತ್ತಿದ್ದೇವೆ, ಬೇಡ ಎನ್ನುವುದಿಲ್ಲ. ಆದರೆ ಮೂರು ವರ್ಷ ಎರಕದ ಬಗ್ಗೆ ಓದಿ, ಎರಕ ಹೊಯ್ದ ಒಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಬಿಚ್ಚಿ ನೋಡದವನಿಗೆ ಯಾವ ಕಂಪನಿ ಯಾಕೆ ಕೆಲಸ ಕೊಡಬೇಕು? ನೂರೈವತ್ತು ರೂಪಾಯಿಯ ಕಾರನ್ನು ಬ್ಯಾಚಿಗೊಂದರಂತೆ ತರಿಸಿ, ವರ್ಕ್‌ಶಾಪಿನಲ್ಲಿ ಬಿಚ್ಚಿಸಿ, ಅಳತೆ ತೆಗೆಸಿ, ಅದರ ಅಚ್ಚು ಹೇಗಿದ್ದಿರಬೇಕು ಎಂದು ಕಂಪ್ಯೂಟರಿನಲ್ಲಿ ಬಿಡಿಸಲು ಹೇಳಿದರೆ ಒಂದು ಸೆಮಿಸ್ಟರಿನ ಪಾಠ ಒಂದು ತಿಂಗಳಲ್ಲಿ ತಲೆಗಿಳಿಯುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನವೂ ಬೇಡ. ವಿಭಾಗದಲ್ಲಿ ಈ ಮಾತು ಎತ್ತಿದಾಗ ‘ಸಿಲಬಸ್ ಮುಗಿಯಲಿ, ನೋಡೋಣ’ ಎಂಬ ಉತ್ತರ ಬಂತು. ಸಿಲಬಸ್ ಮುಗಿಯುವ ಹೊತ್ತಿಗೆ ನಾವೇ ಮುಗಿದಿರುತ್ತೇವೆ ಎಂದು ಸಿಂದಗಿಯವಳು ಹೊರಗೆ ಬಂದ ಮೇಲೆ ಅಂದಳು, ಒಳಗೆ ಅನ್ನಲಿಲ್ಲ.

ಕೊಳ್ಳುವುದಾದರೆ ಒಂದು ಕೊಳ್ಳಿ, ಸ್ವಂತ ದುಡಿಮೆಯ ದುಡ್ಡಿನಲ್ಲಿ. ಕೊಂಡ ದಿನವೇ ಬಿಚ್ಚಿ. ನಾನು ಭಾನುವಾರಗಳಂದು ಹತ್ತನೇ ತರಗತಿಯ ಇಬ್ಬರು ಹುಡುಗರಿಗೆ ಗಣಿತ ಹೇಳಿಕೊಡಲು ಶುರುಮಾಡಿದ್ದೇನೆ. ಅಪ್ಪ ತಂದ ಕೈಗಡದಲ್ಲಿ ಅರ್ಧ ತೀರಿದೆ. ಅಪ್ಪ ಕೇಳಿಲ್ಲ, ನಾನೇ ಕಳಿಸುತ್ತಿದ್ದೇನೆ.

ಒಂದು ಆಸೆ ಮಾತ್ರ ತಲೆಯಲ್ಲಿ ಕೂತಿದೆ. ಅಮೆರಿಕದವರು ತಮ್ಮ ಪೈಲ್ವಾನ್ ಕಾರನ್ನು ಐವತ್ತು ವರ್ಷದ ಮೇಲೂ ಅಂಗೈ ಮೇಲಿಟ್ಟು ನೋಡುತ್ತಾರೆ. ನಮ್ಮ ಜಾತ್ರೆಗಳ ತೆರಬಂಡಿ ಸ್ಪರ್ಧೆಯಲ್ಲಿ, ಗಾಲಿ ಉರುಳದಂತೆ ಕಟ್ಟಿದ ಬಂಡಿಯನ್ನು ಎಳೆದುಕೊಂಡು ಹೋಗುವ ಎತ್ತಿನ ಜೋಡಿಗೆ ಯಾವ ರೇಸ್ ಕಾರು ಸಮ? ಕಬ್ಬಿನ ಲೋಡು ಹೊತ್ತು, ಬಂಪರ್ ಮೇಲೆ ಕಲ್ಲು ಹೇರಿಕೊಂಡು ಏರಿ ಹತ್ತುವ ಟ್ರ್ಯಾಕ್ಟರಿಗೆ? 1:18ರ ಅಳತೆಯಲ್ಲಿ ಬಂಪರಿನ ಮೇಲೆ ಆ ಕಲ್ಲಿನ ಸಮೇತ ಅಂಥದೊಂದು ಟ್ರ್ಯಾಕ್ಟರ್ ಮಾಡಬೇಕು ಎಂದು ನಾನು, ಸಿಂದಗಿಯವಳು ಚಿತ್ರ ಬಿಡಿಸಲು ಶುರುಮಾಡಿದ್ದೇವೆ. ಅಪ್ಪನಿಗೆ ವೀಡಿಯೊ ಕಾಲ್ ಮಾಡಿ ಹುಕ್ಕಿನ ಅಳತೆ ಕೇಳಿದೆ. ಟೇಪು ಹಿಡಿದು ಟ್ರ್ಯಾಕ್ಟರ್ ಕೆಳಗೆ ನುಗ್ಗಿ ಅಳೆದು ಹೇಳಿದ. ಹಿಂದಿನ ಗಾಲಿಯ ಅಳತೆಯನ್ನು ಕೇಳದೆಯೇ ಹೇಳಿದ.

ಬರುವ ದಸರೆ ರಜೆಯಲ್ಲಿ ಕೂಡಲಸಂಗಮದ ಕೇಂದ್ರಕ್ಕೆ ಹೋಗಿ, ಬಿ.ಇ. ಓದುವವರಿಗೆ ಅಚ್ಚಿನ ಕೆಲಸದ ಸಣ್ಣ ಕೋರ್ಸ್ ಏನಾದರೂ ಇದೆಯೇ ಎಂದು ಕೇಳಿಕೊಂಡು ಬರುತ್ತೇವೆ. ಇಂಡಿಯವ ಬರುತ್ತಾನೆ. ಬಾಗೇವಾಡಿಯವನೂ ಬರುತ್ತೇನೆ ಎಂದಿದ್ದಾನೆ. ಅವನ ಪ್ಯಾಕೆಟ್‌ಗಳು ಮಾತ್ರ ಇನ್ನೂ ಹಾಗೇ ಇವೆ.